ನೀರು ಕೊಡಬಹುದಾ, ಡಾಕ್ಟರಮ್ಮ?

ಜೋಗುಪಾಳ್ಯ ಎಲ್ಲಿದೆ ಎಂದು ಮಲ್ಲೇಶ್ವರದವರನ್ನು ಕೇಳಿದರೆ "ಹಲಸೂರಿನ ಆಚೆಗಲ್ಲವೆ?" ಎನ್ನುತ್ತಾರೆ. ಹಲಸೂರಿನವರನ್ನು ಕೇಳಿದರೆ "ಇಂದಿರಾನಗರಕ್ಕೆ ಈಚೆ" ಎನ್ನುತ್ತಾರೆ. ಹೀಗೆ ಆಚೆ ಈಚೆಗಳ ನಡುವೆ ಸಿಕ್ಕಿಕೊಂಡ ಊರು ನಮ್ಮದು. ಒಂದೇ ಓಣಿಯಲ್ಲಿ ನಾಲ್ಕು ಭಾಷೆ ಕೇಳಿಸುತ್ತದೆ. ಇಲ್ಲಿ ಪುಟ್ಟದೊಂದು ಕ್ಲಿನಿಕ್ ಇಟ್ಟುಕೊಂಡು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರೋಗಿಗಳನ್ನು ನೋಡಿದವಳು ನಾನು. ಕನ್ನಡದವರು "ಹೊಟ್ಟೆ ಕೆಟ್ಟಿದೆ" ಎಂದು ಬಂದರೆ, ತಮಿಳಿನವರು "ವಯಿರು ಸರಿಯಿಲ್ಲೆ" ಎಂದು ಬರುತ್ತಿದ್ದರು, ಉರ್ದು ಮಾತಿನವರು "ಜುಲಾಬ್ ಲಗೇ" ಎನ್ನುತ್ತಿದ್ದರು. ಕಾಯಿಲೆ ಒಂದೇ. ಹೊರಡುವ ಮುಂಚೆ ಬಾಗಿಲ ಬಳಿ ನಿಂತು ಅವರೆಲ್ಲ ಕೇಳುತ್ತಿದ್ದುದೂ ಒಂದೇ ಮಾತು: "ನೀರು ಕೊಡಬಹುದಾ, ಡಾಕ್ಟರಮ್ಮ?"

ಭೇದಿಯಾಗುತ್ತಿರುವ ಮಗುವಿಗೆ ನೀರು ಕುಡಿಸಿದರೆ ಭೇದಿ ಇನ್ನೂ ಹೆಚ್ಚಾಗುತ್ತದೆ ಎಂಬ ಭಯ ಆ ಪ್ರಶ್ನೆಯ ಹಿಂದಿತ್ತು. ಕೊಳಾಯಿ ತೆರೆದಿರುವಾಗ ಮೇಲಿನಿಂದ ನೀರು ಸುರಿದರೆ ಏನು ಪ್ರಯೋಜನ ಎಂಬಂಥ ತರ್ಕ. ಇದನ್ನು ಹೆಂಗಸರ ಅಜ್ಞಾನ ಎಂದು ನನ್ನ ಜೊತೆಯ ಕೆಲವು ವೈದ್ಯರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಏಕೆಂದರೆ ಈ ಭಯ ಅಡುಗೆಮನೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಅದನ್ನು ಬೆಳೆಸಿದವರಲ್ಲಿ ನಮ್ಮ ವೃತ್ತಿಯವರೂ ಇದ್ದರು. ಆ ಕಥೆಯ ಒಂದು ತುಣುಕು ನಮ್ಮ ದಂಡಿನ ಪ್ರದೇಶದಲ್ಲೇ ನಡೆದಿದೆ. ಅದನ್ನು ಹೇಳಬೇಕೆಂದೇ ಈ ಬರಹ.

1809ರಲ್ಲಿ ಬ್ರಿಟಿಷರು ಹಲಸೂರು ಕೆರೆಯ ಆಸುಪಾಸಿನಲ್ಲಿ ತಮ್ಮ ದಂಡನ್ನು ತಂದು ಇಳಿಸಿದರು. ಮುಂದೆ 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಬಿಟ್ಟುಕೊಡಲಿಲ್ಲ. 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ 1947ರವರೆಗೂ ಅದು ರೆಸಿಡೆಂಟರ ಆಡಳಿತದಲ್ಲೇ ಇತ್ತು. ದಂಡು ಬಂದ ಮೇಲೆ ಅದಕ್ಕೆ ಬೇಕಾದ ಜನ ಬರಬೇಕಲ್ಲ! ಅಗಸರು, ಅಡುಗೆಯವರು, ಗಾರೆ ಕೆಲಸದವರು, ಕುದುರೆ ನೋಡಿಕೊಳ್ಳುವವರು, ದಿನಸಿ ವ್ಯಾಪಾರಿಗಳು ಬಂದರು. ಮನೆಗಳು ಒತ್ತೊತ್ತಾಗಿ ಎದ್ದವು. ನೀರು ಮಾತ್ರ ಕೆರೆಯದು, ಬಾವಿಯದು. ದಂಡಿನ ನೀರಿನ ಬವಣೆ ನೀಗಿಸಲೆಂದೇ 1882ರಲ್ಲಿ ಕರ್ನಲ್ ಸ್ಯಾಂಕಿ ಕೆರೆ ಕಟ್ಟಿಸಿದ. ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದುಬಂದದ್ದು 1896ರ ಹೊತ್ತಿಗೆ. ಕೆರೆ ಬಾವಿಗಳಿಗೆ ಕೊಳಚೆ ಸೇರುವ ಊರಿನಲ್ಲಿ ವಾಂತಿಭೇದಿ ಬರುವುದಕ್ಕೆ ಪಂಚಾಂಗ ನೋಡಬೇಕಾಗಿಲ್ಲ. ಧಾತು ಈಶ್ವರ ಸಂವತ್ಸರಗಳ ಬರ ಎಂದು ನಮ್ಮ ಹಿರಿಯರು ನೆನೆಯುತ್ತಿದ್ದ 1876ರಿಂದ 78ರ ಕ್ಷಾಮದಲ್ಲಿ ಹಸಿವಿನ ಜೊತೆಗೆ ಕಾಲರಾ ಕೂಡ ಮೈಸೂರು ಸೀಮೆಯ ಜನರನ್ನು ಒಯ್ದಿತು.

1895ರ ಸೆಪ್ಟೆಂಬರ್‌ನಲ್ಲಿ ಈ ಕಂಟೋನ್ಮೆಂಟಿಗೆ ಮತ್ತೆ ಕಾಲರಾ ಬಂದಾಗ ಸರ್ಕಾರ ಸಿಕಂದರಾಬಾದಿನಿಂದ ಒಬ್ಬ ಸೇನಾ ವೈದ್ಯನನ್ನು ಇಲ್ಲಿಗೆ ಕಳಿಸಿತು. ಹೆಸರು ರೊನಾಲ್ಡ್ ರಾಸ್. ಹೌದು, ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು 1897ರಲ್ಲಿ ತೋರಿಸಿಕೊಟ್ಟು 1902ರಲ್ಲಿ ನೊಬೆಲ್ ಬಹುಮಾನ ಪಡೆದ ಅದೇ ರಾಸ್. ಬೆಂಗಳೂರು ಆತನಿಗೆ ಹೊಸದಲ್ಲ. 1883ರಲ್ಲಿ ಇಲ್ಲಿ ದಂಡಿನ ವೈದ್ಯನಾಗಿದ್ದಾಗ ತನ್ನ ಬಂಗಲೆಯಲ್ಲಿ ವಿಪರೀತ ಸೊಳ್ಳೆ ಎಂದು ಗಮನಿಸಿ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಅವುಗಳ ಮರಿಗಳು ಕುಣಿಯುವುದನ್ನು ಕಂಡು, ನೀರನ್ನು ಉರುಳಿಸಿಬಿಟ್ಟಿದ್ದ. ಸೊಳ್ಳೆ ಕಡಿಮೆಯಾಯಿತು. ಉಳಿದ ಪಾತ್ರೆಗಳನ್ನೂ ಹೀಗೆ ಬರಿದು ಮಾಡೋಣವೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಯನ್ನು ದೇವರು ಯಾವುದೋ ಉದ್ದೇಶಕ್ಕೆ ಸೃಷ್ಟಿಸಿದ್ದಾನೆ, ಪ್ರಕೃತಿಯ ಕ್ರಮವನ್ನು ನಾವು ಕೆಡಿಸಬಾರದು ಎಂಬುದು ಆತನ ವಾದ! ಇಂದಿಗೂ ತೆಂಗಿನ ಚಿಪ್ಪು, ಹಳೆ ಟೈರುಗಳನ್ನು ಹಿತ್ತಲಿನಲ್ಲಿ ಬಿಟ್ಟಿರುವವರನ್ನು ಕಂಡಾಗ ನನಗೆ ಆ ಅಧಿಕಾರಿ ನೆನಪಾಗುತ್ತಾನೆ.

ಕಾಲರಾ ಕೆಲಸಕ್ಕೆ ಬಂದ ರಾಸ್‌ನ ಮನಸ್ಸೆಲ್ಲ ಮಲೇರಿಯಾದ ಮೇಲೆ. ಇಲ್ಲಿ ಮಲೇರಿಯಾ ರೋಗಿಗಳೇ ಸಾಕಷ್ಟು ಸಿಗುವುದಿಲ್ಲವೆಂದು ಲಂಡನ್ನಿನ ಗುರು ಮ್ಯಾನ್‌ಸನ್‌ಗೆ ಗೊಣಗಿ ಬರೆಯುತ್ತಿದ್ದ. ಆದರೂ ವಹಿಸಿದ ಕೆಲಸವನ್ನು ಮಾಡಿ, ಸ್ಟೇಷನ್ನಿನ ಕಾಲರಾ, ಸಾಮಾನ್ಯ ನೈರ್ಮಲ್ಯ, ನೈರ್ಮಲ್ಯ ಇಲಾಖೆ ಮತ್ತು ಅದರ ನಿಯಮಗಳ ಬಗ್ಗೆ ವರದಿ ಬರೆದ. ಅದು 1896ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. ರೋಗ ಬಾರದಂತೆ ಮಾಡಲು ನೀರು, ಚರಂಡಿ, ಕಸ ಸರಿಯಾಗಬೇಕೆಂಬ ಆ ದಾರಿ ಸರಿಯಾದದ್ದೇ. ಆಮಶಂಕೆಯಿಂದ ಹಿಡಿದು ಟೈಫಾಯಿಡ್‌ವರೆಗೆ ಎಷ್ಟೋ ಕಾಯಿಲೆಗಳನ್ನು ದೂರವಿಟ್ಟಿರುವುದು ಕೊಳಾಯಿ ಮತ್ತು ಒಳಚರಂಡಿ. ನಾವು ವೈದ್ಯರು ಆ ಹಿರಿಮೆಯನ್ನು ಸುಮ್ಮನೆ ನಮ್ಮ ಹೆಸರಿಗೆ ಬರೆದುಕೊಳ್ಳುತ್ತೇವೆ.

ಆದರೆ ರೋಗ ಬಂದೇ ಬಿಟ್ಟಿದೆ, ಹಾಸಿಗೆಯಲ್ಲಿ ಒಬ್ಬಳು ಮಲಗಿದ್ದಾಳೆ, ಕಣ್ಣು ಗುಳಿಬಿದ್ದಿದೆ, ಬಾಯಿ ಒಣಗಿ "ನೀರು, ನೀರು" ಎನ್ನುತ್ತಿದ್ದಾಳೆ. ಅವಳಿಗೆ ಏನು ಕೊಡಬೇಕು? ಇದಕ್ಕೆ ಅಂದಿನ ವೈದ್ಯವಿದ್ಯೆಯಲ್ಲಿ ನೆಟ್ಟಗಿನ ಉತ್ತರವಿರಲಿಲ್ಲ. ಪಾದರಸದ ಕ್ಯಾಲೊಮೆಲ್ ಕೊಡುತ್ತಿದ್ದರು. ಅಫೀಮು ಕೊಡುತ್ತಿದ್ದರು. 19ನೇ ಶತಮಾನದ ಮೊದಲರ್ಧದಲ್ಲಂತೂ, ರಕ್ತ ಮೊದಲೇ ಇಂಗಿ ಗಟ್ಟಿಯಾಗಿರುವ ರೋಗಿಯ ನರ ಕೊಯ್ದು ಇನ್ನಷ್ಟು ರಕ್ತ ತೆಗೆಯುತ್ತಿದ್ದರು. ಭಾರತದಲ್ಲಿ ಸೇನೆಯ ವೈದ್ಯನಾಗಿದ್ದ ಕಾಲಿಸ್ ಬ್ರೌನ್ ಎಂಬಾತ ಅಫೀಮು, ಗಾಂಜಾ, ಕ್ಲೋರೋಫಾರಂ ಬೆರೆಸಿ ಕ್ಲೋರೋಡೈನ್ ಎಂಬ ಕಾಲರಾ ಔಷಧ ಮಾಡಿದ. ಅದು ದೊರೆಗಳ ಮನೆಯ ಔಷಧಿ ಪೆಟ್ಟಿಗೆಗಳಲ್ಲೆಲ್ಲ ಸೇರಿಕೊಂಡಿತು. ಭೇದಿ ನಿಲ್ಲಿಸುವುದೇ ಗುರಿ, ಭೇದಿಯಲ್ಲಿ ಹೋದದ್ದನ್ನು ತುಂಬುವ ಮಾತಿಲ್ಲ. ಹಲವು ವೈದ್ಯರು ರೋಗಿ ಎಷ್ಟು ಅಂಗಲಾಚಿದರೂ ನೀರು ಕೊಡಕೂಡದು ಎನ್ನುತ್ತಿದ್ದರು.

ಇಷ್ಟಾದರೂ ಸರಿಯಾದ ಉತ್ತರ ಹೊಳೆದಿರಲಿಲ್ಲವೆಂದಲ್ಲ. ಹೊಳೆದು ಕಳೆದುಹೋಗಿತ್ತು. ಅದು ನನಗೆ ಬಹಳ ಸಂಕಟ ಕೊಡುವ ವಿಷಯ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ಓಶಾನೆಸಿ ಎಂಬ ಇಪ್ಪತ್ತೆರಡರ ತರುಣ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪೂ ಕಡಿಮೆಯಾಗಿವೆ, ಅವುಗಳನ್ನು ಮರಳಿ ತುಂಬಬೇಕು ಎಂದ. (ಆತನೇ ಮುಂದೆ ಕಲ್ಕತ್ತೆಗೆ ಬಂದು ನಮ್ಮ ದೇಶದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನು.) ಮರುವರ್ಷ, 1832ರಲ್ಲಿ, ಸ್ಕಾಟ್‌ಲೆಂಡಿನ ಲೀತ್ ಊರಿನಲ್ಲಿ ಥಾಮಸ್ ಲಾಟ್ಟಾ ಅದನ್ನು ಮಾಡಿಯೇ ತೋರಿಸಿದ. ಅವನ ಮೊದಲ ರೋಗಿ ಒಬ್ಬ ಮುದುಕಿ. ಸತ್ತೇ ಹೋದಳು ಎನ್ನುವಂತಿದ್ದವಳ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟ. ಅರ್ಧ ಗಂಟೆಯಲ್ಲಿ ಮೂರು ಲೀಟರಿಗೂ ಮಿಕ್ಕಿ ಹೋಯಿತು. ಕಣ್ಣು ಹೊಳೆಯಿತು, ಕೈಕಾಲು ಬೆಚ್ಚಗಾಯಿತು, ಅವಳು ಮಾತನಾಡಿದಳು. ಲಾಟ್ಟಾ ಅವಳನ್ನು ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ಹೋದ. ಭೇದಿ ಮತ್ತೆ ಶುರುವಾಯಿತು. ಮತ್ತೆ ಉಪ್ಪುನೀರು ಬಿಡುವವರಿಲ್ಲದೆ ಐದಾರು ಗಂಟೆಯೊಳಗೆ ಅವಳು ತೀರಿಕೊಂಡಳು. ಲಾಟ್ಟಾನೂ 1833ರಲ್ಲಿ ಸತ್ತ. ಶುದ್ಧಮಾಡದ ನೀರನ್ನು ನರಕ್ಕೆ ಬಿಡುವುದರಲ್ಲಿ ಅಪಾಯವೂ ಇತ್ತು, ಸಾಯುವ ಹೊತ್ತಿನ ರೋಗಿಗಳಿಗೆ ಮಾತ್ರ ಇದನ್ನು ಮಾಡುತ್ತಿದ್ದುದರಿಂದ ಹೆಚ್ಚಿನವರು ಉಳಿಯಲೂ ಇಲ್ಲ. ವೈದ್ಯಲೋಕ ಈ ಉಪಾಯವನ್ನು ಬದಿಗೆ ಸರಿಸಿ ಮತ್ತೆ ಕ್ಯಾಲೊಮೆಲ್ಲಿಗೆ ಮರಳಿತು.

20ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಎಂಬ ವೈದ್ಯ ಗಟ್ಟಿ ಉಪ್ಪುನೀರನ್ನು ನರಕ್ಕೆ ಕೊಟ್ಟು, ಕಾಲರಾ ರೋಗಿಗಳ ಸಾವನ್ನು ನೂರಕ್ಕೆ 60ರಿಂದ ಸುಮಾರು 30ಕ್ಕೆ ಇಳಿಸಿದ. ದೊಡ್ಡ ಸಾಧನೆಯೇ ಸರಿ. ಆದರೆ ಅದು ದೊಡ್ಡ ಆಸ್ಪತ್ರೆಯ ಮಾತು. ಕೋಲಾರದ ಕಡೆಯ ಹಳ್ಳಿಗೆ ಅದು ತಲುಪುವುದೆಲ್ಲಿ? ನಮ್ಮ ಅಜ್ಜಿಯ ಊರು ಆ ಕಡೆಯದು. ಆಕೆಯ ನಾದಿನಿ, ಹತ್ತೊಂಬತ್ತರ ಹುಡುಗಿ, ಜಾತ್ರೆಯಿಂದ ಬಂದ ಮಾರನೆಯ ದಿನ ವಾಂತಿಭೇದಿಗೆ ಸಿಕ್ಕಿದಳಂತೆ. ಗಾಡಿ ಕಟ್ಟಿಕೊಂಡು ಹೋಗಿ ಪೇಟೆಯ ಡಾಕ್ಟರನ್ನು ಕರೆತಂದರು. ಆತ ಒಂದು ಸೀಸೆ ಔಷಧ ಕೊಟ್ಟು, "ಒಂದು ತೊಟ್ಟು ನೀರು ಕೊಟ್ಟೀರಿ, ಜೋಕೆ!" ಎಂದು ಹೇಳಿ ಹೋದರು. ಡಾಕ್ಟರು ಹೇಳಿದ ಮೇಲೆ ಮೀರುವುದುಂಟೆ? ನೀರಿನ ಗಡಿಗೆಯನ್ನು ಕಣ್ಣಿಗೆ ಕಾಣದ ಹಾಗೆ ಹಿತ್ತಲಿಗೆ ಸಾಗಿಸಿದರು. ರಾತ್ರಿಯೆಲ್ಲ ಕೇಳಿದಳು. ಬೆಳಗಾಗುವುದರೊಳಗೆ ಕೇಳುವುದನ್ನು ನಿಲ್ಲಿಸಿದಳು. ಎಂಬತ್ತು ದಾಟಿದ ಮೇಲೂ ನಮ್ಮಜ್ಜಿ ಸಂಜೆ ದೀಪ ಹಚ್ಚಿ ಕೂತಾಗ ಇದ್ದಕ್ಕಿದ್ದಂತೆ "ನೀರು ಕೇಳಿದ್ಲು ಕಣೇ" ಎನ್ನುತ್ತಿದ್ದರು. ನಾನು ಮೆಡಿಕಲ್ ಸೇರಿದ್ದೇನೆಂದು ಹೇಳಿದ ದಿನವೂ ಅಜ್ಜಿ ನನ್ನನ್ನು ಕೇಳಿದ್ದು ಅದನ್ನೇ: "ಕೊಡಬಹುದಿತ್ತೇನೇ?"

ಮಕ್ಕಳ ಭೇದಿಯ ವಿಷಯದಲ್ಲೂ ಇದೇ ಕಥೆ. ಹೊಟ್ಟೆಗೆ ವಿಶ್ರಾಂತಿ ಕೊಡಬೇಕು, ಒಂದೆರಡು ದಿನ ಆಹಾರ ನಿಲ್ಲಿಸಬೇಕು ಎಂದು ಬಹಳ ವರ್ಷ ದೊಡ್ಡ ದೊಡ್ಡ ವೈದ್ಯರೇ ಬೋಧಿಸುತ್ತಿದ್ದರು. ಮೊದಲೇ ಸೊರಗಿದ ಮಗು ಇನ್ನಷ್ಟು ಸೊರಗುತ್ತಿತ್ತು. ಇತ್ತ ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ಟವರಿಗೆ ಗಂಜಿ ತಿಳಿ, ಉಪ್ಪು ಹಾಕಿದ ನೀರುಮಜ್ಜಿಗೆ, ಸಬ್ಬಕ್ಕಿ ಗಂಜಿ, ಎಳನೀರು ಎಂದು ಕೊಡುತ್ತಿದ್ದ ಹೆಂಗಸರೂ ಇದ್ದರು. ಎಲ್ಲ ಅಜ್ಜಿಯರೂ ಸರಿ, ಎಲ್ಲ ಡಾಕ್ಟರೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಲ್ಲು ಬರುವಾಗ ಭೇದಿ ಸಹಜ ಎಂದು ಸುಮ್ಮನೆ ಕೂತವರನ್ನೂ, ದೃಷ್ಟಿ ತೆಗೆಸಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿಸಿದವರನ್ನೂ ಕಂಡಿದ್ದೇನೆ. ಆದರೆ "ಮಗುವಿನ ನೆತ್ತಿ ಬಿದ್ದಿದೆ ಡಾಕ್ಟರಮ್ಮ" ಎಂದು ಓಡಿ ಬರುತ್ತಿದ್ದ ಅಜ್ಜಿಯರ ಕಣ್ಣು ಮಾತ್ರ ತಪ್ಪುತ್ತಿರಲಿಲ್ಲ. ಎಳೆಕೂಸಿನ ನೆತ್ತಿಸುಳಿ ಕುಸಿಯುವುದು ಮೈಯ ನೀರು ಇಂಗಿದೆ ಎಂಬುದಕ್ಕೆ ನಮ್ಮ ಪಠ್ಯಪುಸ್ತಕವೂ ಹೇಳುವ ಗುರುತು. ಅವರು ಕಾರಣವನ್ನು ಬೇರೆ ಹೇಳುತ್ತಿದ್ದರು, ಅಷ್ಟೆ.

ಕಾಲರಾಕ್ಕೆ ಬಾಯಿಂದಲೇ ಉಪ್ಪು ಸಕ್ಕರೆ ನೀರು ಕುಡಿಸಿ ಗುಣಪಡಿಸಬಹುದೆಂದು ಬರೆದ ಮೊದಲಿಗರಲ್ಲಿ ಒಬ್ಬರು ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ತೀರಾ ವಿಷಮಿಸದ 186 ಕಾಲರಾ ರೋಗಿಗಳ ವಿವರ ಕೊಟ್ಟರು. ಮೊದಲು ವಾಂತಿ ನಿಲ್ಲಿಸುವ ಮಾತ್ರೆ. ಆಮೇಲೆ ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ಭೇದಿ ತಗ್ಗಲು ಒಂದು ಎಲೆಯ ರಸ. ಆ ಎಲೆಯ ಸಸ್ಯಶಾಸ್ತ್ರದ ಹೆಸರು ಕೋಲಿಯಸ್ ಅರೊಮ್ಯಾಟಿಕಸ್ ಎಂದು ಓದಿದಾಗ ಇದಾವುದಪ್ಪ ಎಂದು ಹುಡುಕಿದೆ. ನೋಡಿದರೆ ನಮ್ಮ ಹಿತ್ತಲಿನ ದೊಡ್ಡಪತ್ರೆ! ತಂಬುಳಿ ಮಾಡುತ್ತೇವಲ್ಲ, ಮಗುವಿಗೆ ಕೆಮ್ಮಾದರೆ ಬಾಡಿಸಿ ಹಿಂಡುತ್ತೇವಲ್ಲ, ಅದೇ. ಗುಣಪಡಿಸಿದ್ದು ದೊಡ್ಡಪತ್ರೆಯೆಂದು ನಾನು ಹೇಳಲಾರೆ. ಕೆಲಸ ಮಾಡಿದ್ದು ಉಪ್ಪು ಗ್ಲೂಕೋಸಿನ ನೀರೇ ಇರಬೇಕು. ಹೋಲಿಸಿ ನೋಡಲು ಬೇರೊಂದು ಗುಂಪಿನ ರೋಗಿಗಳಿರಲಿಲ್ಲ ಎಂಬ ಕೊರತೆಯೂ ಆ ಬರಹಕ್ಕಿತ್ತು. ಪಶ್ಚಿಮದ ವಿದ್ವಾಂಸರು ಅದನ್ನು ಗಮನಿಸದೆ ಬಿಟ್ಟರು.

ಏಕೆ ಈ ನೀರು ಕೆಲಸ ಮಾಡುತ್ತದೆ ಎಂಬುದು ಬಿಡಿಸಿಕೊಂಡದ್ದು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ. ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ, ಕಾಲರಾ ಕ್ರಿಮಿ ಒಂದು ವಿಷವನ್ನು ಬಿಟ್ಟು ಕರುಳಿನಿಂದ ನೀರು ಸುರಿಯುವಂತೆ ಮಾಡುತ್ತದೆಂದು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅಂದರೆ ಕರುಳಿನ ಗೋಡೆ ಹಾಳಾಗಿ ಉದುರಿರುವುದಿಲ್ಲ. ಅದೇ ಸುಮಾರಿಗೆ, ಸಕ್ಕರೆಯ ಅಂಶ ಕರುಳಿನ ಗೋಡೆಯನ್ನು ದಾಟುವಾಗ ಉಪ್ಪಿನ ಸೋಡಿಯಂ ಅನ್ನೂ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ ಎಂಬುದು ತಿಳಿಯಿತು. ಇವೆರಡೂ ಒಳಗೆ ಹೋದರೆ ನೀರು ತಾನಾಗಿ ಹಿಂಬಾಲಿಸುತ್ತದೆ. ಕಾಲರಾದಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. ಬರೀ ನೀರು ಸಾಲದು, ಬರೀ ಉಪ್ಪುನೀರೂ ಸಾಲದು. ಸಕ್ಕರೆ ಉಪ್ಪು ಜೋಡಿಯಾಗಿಯೇ ಹೋಗಬೇಕು. 1968ರಲ್ಲಿ ಢಾಕಾದಲ್ಲಿ ನಾಲಿನ್ ಮತ್ತು ಕ್ಯಾಶ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಅಳತೆ ಮಾಡಿ ಇದನ್ನು ರೋಗಿಗಳಲ್ಲಿ ದೃಢಪಡಿಸಿದರು.

ಆದರೂ ಆಸ್ಪತ್ರೆಯ ಹೊರಗೆ ಇದು ನಡೆಯುವುದೇ ಎಂಬ ಅನುಮಾನ ಉಳಿದಿತ್ತು. ಅದನ್ನು ಕಳೆದದ್ದು 1971. ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದರು. ಗಡಿಯ ಬನಗಾಂವ್ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗಿದ್ದದ್ದು ಎರಡು ಕೋಣೆ. ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಲನೋಬಿಸ್ ಧೈರ್ಯ ಮಾಡಿದರು. ಕಲ್ಕತ್ತೆಯಲ್ಲಿ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ತೂಗಿ ಪೊಟ್ಟಣ ಕಟ್ಟಿಸಿ ತಂದು, ನಲ್ಲಿಯಿರುವ ಡ್ರಮ್ಮುಗಳಲ್ಲಿ ಕಲಕಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30 ಇದ್ದ ಸಾವು 3.6ಕ್ಕೆ ಇಳಿಯಿತು. ಇಲ್ಲಿ ಒಂದು ಜಾಣತನದ ಸಂಗತಿಯಿದೆ. ಜನರಿಗೆ ಸಲೈನ್ ಎಂದರೆ ಜೀವ ಉಳಿಸುವ ಬಾಟಲಿ ಎಂಬ ನಂಬಿಕೆ ಇತ್ತು. ಹಾಗಾಗಿ ಅವರು ಇದನ್ನು ಉಪ್ಪು ಸಕ್ಕರೆ ನೀರು ಎನ್ನಲಿಲ್ಲ, 'ಬಾಯಿಂದ ಕುಡಿಯುವ ಸಲೈನ್' ಎಂದರು! ಮಹಲನೋಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ, ಅವರಿಲ್ಲದ ಮೇಲೆ.

ನನಗೆ ಇದಕ್ಕಿಂತಲೂ ಇಷ್ಟವಾಗುವುದು ಬಾಂಗ್ಲಾದೇಶದ ಹೆಂಗಸರ ಕಥೆ. ಅಲ್ಲಿನ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿ ಹಳ್ಳಿಗೆ ಹೆಂಗಸರನ್ನೇ ಕಳಿಸಿ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಈ ಪಾನಕ ಮಾಡುವುದನ್ನು ಕಲಿಸಿತು. ಚಮಚವಿಲ್ಲದ ಮನೆಗಳು. ಆದ್ದರಿಂದ ಅಳತೆಯೂ ಕೈಯದೇ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿ ಬಂದ ಎಷ್ಟೋ ದಿನಗಳ ಮೇಲೆ ಬೇರೆಯವರು ಹೋಗಿ ತಾಯಿಯನ್ನು ವಿಚಾರಿಸುತ್ತಿದ್ದರು. ಅವಳಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ ಕಲಿಸಿದವಳಿಗೆ ಸಂಬಳ! ನಮ್ಮ ಕಾಲೇಜುಗಳ ಪ್ರೊಫೆಸರುಗಳಿಗೆ ಇಂಥ ನಿಯಮ ಹಾಕಿದರೆ ಏನಾಗುತ್ತಿತ್ತೋ.

ಜಗತ್ತಿನಲ್ಲಿ 1980ರ ಸುಮಾರಿಗೆ ಐದು ವರ್ಷದೊಳಗಿನ ಮಕ್ಕಳು ಭೇದಿಯಿಂದ ವರ್ಷಕ್ಕೆ 46 ಲಕ್ಷದಷ್ಟು ಸಾಯುತ್ತಿದ್ದರೆಂದು ಅಂದಾಜು. ಈಗ ಅದು ನಾಲ್ಕೂವರೆ ಲಕ್ಷದ ಹತ್ತಿರಕ್ಕೆ ಬಂದಿದೆ. ಶುದ್ಧ ನೀರು, ಲಸಿಕೆಗಳ ಪಾಲೂ ಇದರಲ್ಲಿದೆ. ಆದರೂ ಒಂದು ಲೋಟದ ನೀರಿನ ಪಾಲು ಸಣ್ಣದಲ್ಲ.

ಹಾಗಾದರೆ ಪ್ರಶ್ನೆ ತೀರಿತೇ? ಇಲ್ಲ ನೋಡಿ. ವೃತ್ತಿಯಲ್ಲಿರುವ ವೈದ್ಯರಿಗಾಗಿ ಆಗಾಗ ನಡೆಯುವ ಪಾಠಗಳಲ್ಲಿ ಇಂದಿಗೂ ಮಕ್ಕಳ ಭೇದಿ ಚರ್ಚೆಗೆ ಬರುತ್ತದೆ. ಗೊತ್ತಿಲ್ಲದ ಕಾರಣಕ್ಕಲ್ಲ, ಗೊತ್ತಿದ್ದೂ ಮಾಡುತ್ತಿಲ್ಲವಲ್ಲ ಎಂಬ ಕಾರಣಕ್ಕೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ನೂರಕ್ಕೆ 61 ಮಕ್ಕಳಿಗೆ. ಉಳಿದ 39ಕ್ಕೆ? ಬೇಡದ ಆಂಟಿಬಯೋಟಿಕ್ ಬರೆದ ಚೀಟಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಮಕ್ಕಳ ನೀರುಭೇದಿ ಹೆಚ್ಚಾಗಿ ವೈರಸ್ಸಿನಿಂದ ಬರುವುದು. ಆಂಟಿಬಯೋಟಿಕ್ಕಿನ ಕೆಲಸವೇನಿದ್ದರೂ ರಕ್ತಭೇದಿಯಲ್ಲಿ, ಜೋರಾದ ಕಾಲರಾದಲ್ಲಿ. ಭೇದಿ ಕಟ್ಟುವ ಲೋಪರಮೈಡ್ ಮಾತ್ರೆ ಮಕ್ಕಳಿಗೆ ಕೊಡಲೇಬಾರದು. ಇದೆಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾದವರೇ ಆಮೇಲೆ ಬೇರೆ ಬರೆಯುತ್ತಾರೆ. ಏಕೆ?

ಇದಕ್ಕೆ ಉತ್ತರ ಹುಡುಕಿದ ಅಧ್ಯಯನವೊಂದು ನಡೆದದ್ದು ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ. 253 ಊರುಗಳ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ತರಬೇತಿ ಕೊಟ್ಟ ಜನರನ್ನು ಕಳಿಸಿದರು. "ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ" ಎಂದು ಹೇಳಿಕೊಳ್ಳುವುದು ಅವರ ಕೆಲಸ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಅಂಗಡಿಯಲ್ಲಿ ದಾಸ್ತಾನಿಲ್ಲದ್ದು ಕಾರಣವೇ? ನೂರಕ್ಕೆ 6 ಪಾಲು. ಬೇರೆ ಔಷಧ ಮಾರಿದರೆ ಹೆಚ್ಚು ಲಾಭವೆಂಬುದು ಕಾರಣವೇ? ಬರೀ 5 ಪಾಲು. ಅತಿ ದೊಡ್ಡ ಕಾರಣ, ನೂರಕ್ಕೆ 42 ಪಾಲು, ಯಾವುದು ಗೊತ್ತೆ? "ಬಂದವರಿಗೆ ಓ.ಆರ್.ಎಸ್. ಬೇಕಾಗಿಲ್ಲ" ಎಂಬ ವೈದ್ಯರ ತಪ್ಪು ಊಹೆ! ಇನ್ನು ಕೆಲವರು ಒಳಗೆ ಹೋಗಿ ಫೋನಿನಲ್ಲಿ ಓ.ಆರ್.ಎಸ್. ಪೊಟ್ಟಣದ ಚಿತ್ರ ತೋರಿಸಿ, ಇಂಥದ್ದು ಆದೀತೇ ಎಂದು ಕೇಳಿದರು. ಅಷ್ಟಕ್ಕೇ ಅದನ್ನು ಬರೆದುಕೊಡುವವರ ಪ್ರಮಾಣ ನೂರಕ್ಕೆ 27ರಷ್ಟು ಮೇಲೇರಿತು.

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ವೈದ್ಯರ ಊಹೆ ಪೂರ್ತಿ ನಿರಾಧಾರವೆಂದೂ ಹೇಳಲಾರೆ. "ಡ್ರಿಪ್ಸ್ ಹಾಕಿ ಡಾಕ್ಟರಮ್ಮ, ಎಷ್ಟಾದರೂ ಆಗಲಿ" ಎಂದು ಪಟ್ಟು ಹಿಡಿದವರನ್ನು ನಾನೂ ಕಂಡಿದ್ದೇನೆ. ಹೂ ಮಾರುವ ಒಬ್ಬಾಕೆ, "ಬರೀ ಉಪ್ಪು ಸಕ್ಕರೆ ನೀರು ಹೇಳೋದಕ್ಕೆ ನಿಮಗೆ ಫೀಜು ಯಾಕಮ್ಮ ಕೊಡಬೇಕು?" ಎಂದು ಸೊಂಟಕ್ಕೆ ಕೈಯಿಟ್ಟು ಕೇಳಿದ್ದಳು. "ಫೀಸು ಬೇಡ, ಇಲ್ಲೇ ಕೂತು ಒಂದು ಗಂಟೆ ಚಮಚದಲ್ಲಿ ಕುಡಿಸು, ನೋಡೋಣ" ಎಂದೆ. ಕುಡಿಸಿದಳು. ಮಗು ಉಚ್ಚೆ ಹೊಯ್ದದ್ದೇ ತಡ, ಕಾಯುತ್ತಿದ್ದವರೆಲ್ಲ ನಕ್ಕರು. ಅವಳು ಫೀಸನ್ನೂ ಒಂದು ಮೊಳ ಕನಕಾಂಬರವನ್ನೂ ಇಟ್ಟು ಹೋದಳು. ಆದರೆ ಅವಳಂತೆ ಜಗಳವಾಡಿ ಕೇಳುವವರು ಎಷ್ಟು ಮಂದಿ? ಹೆಚ್ಚಿನವರು ಏನನ್ನೂ ಕೇಳುವುದಿಲ್ಲ. ಅವರ ಮೌನವನ್ನು ವೈದ್ಯರು "ಇವರಿಗೆ ಇದು ಬೇಡ" ಎಂದು ಓದಿಕೊಳ್ಳುತ್ತಾರೆ. ಒಂದು ಕಾಲಕ್ಕೆ ನೀರು ಕೊಡಬೇಡಿ ಎಂದು ಹೆಂಗಸರ ಬಾಯಿ ಮುಚ್ಚಿಸಿದವರು ನಾವೇ. ಈಗ ಅವರು ಕೇಳುವುದಿಲ್ಲವೆಂದು ಬರೆಯದೆ ಬಿಡುವವರೂ ನಾವೇ.

ಆದ್ದರಿಂದ ಕೇಳಿ. ಚೀಟಿಯಲ್ಲಿ ಆ ಹೆಸರು ಕಾಣದಿದ್ದರೆ "ಓ.ಆರ್.ಎಸ್. ಬೇಡವೇ ಡಾಕ್ಟ್ರೇ, ಜಿಂಕ್ ಬೇಡವೇ?" ಎಂದು ಕೇಳಿ. ಜಿಂಕ್ ಎಂದರೆ ಸತುವಿನ ಮಾತ್ರೆ. 2004ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇದನ್ನೂ ಸೇರಿಸಿವೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಹತ್ತರಿಂದ ಹದಿನಾಲ್ಕು ದಿನ, ಭೇದಿ ನಿಂತ ಮೇಲೂ. ಕೂಸು ಚಿಕ್ಕದಿದ್ದರೆ ಅದರ ಅರ್ಧ. ಎದೆಹಾಲು, ಮೆತ್ತನೆಯ ಅನ್ನ, ಮೊಸರು ಯಾವುದನ್ನೂ ನಿಲ್ಲಿಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗಲೂ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು. ವಾಂತಿ ಮಾಡಿತೆಂದು ಕೈಬಿಡದೆ ಹತ್ತು ನಿಮಿಷ ತಡೆದು ಮತ್ತೆ ಚಮಚದಲ್ಲಿ ನಿಧಾನವಾಗಿ ಕುಡಿಸಿ. ಪೊಟ್ಟಣ ಸಿಗದ ಹೊತ್ತಿನಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿಗೆಂದು ಇನ್ನೊಂದು ಚಮಚ ಸಕ್ಕರೆ ಹಾಕಿದರೆ ಅದು ನೀರನ್ನು ಮತ್ತೆ ಕರುಳಿಗೇ ಎಳೆಯುತ್ತದೆ. ಉಪ್ಪು ಹೆಚ್ಚಾದರೆ ಎಳೆಮಗುವಿನ ಮಿದುಳಿಗೇ ಅಪಾಯ. ಮಗು ತೂಕಡಿಸುತ್ತಿದ್ದರೆ, ಕುಡಿಯಲಾರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆಗ ಮನೆಯ ಉಪಚಾರ ಸಾಲದು. ಡ್ರಿಪ್ಸ್ ಬೇಕಾಗುವುದು ಆಗಲೇ, ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತು ಉಳಿಯಿತು. ಕೆಲವು ಕಂಪನಿಗಳು ಸಿಹಿ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಸೇರಿಸಿ ಔಷಧಿ ಅಂಗಡಿಗಳಲ್ಲೇ ಮಾರುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಅಕ್ಷರಗಳನ್ನು ಹಾಗೆ ಬಳಸಬಾರದೆಂದು ಆದೇಶಿಸಿತು. ಆದರೂ ಕೊಳ್ಳುವಾಗ ಹಿಂಬದಿ ನೋಡುವುದು ಒಳ್ಳೆಯದು. 2002ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಒಂದು ಲೀಟರಿನ ಪೊಟ್ಟಣದಲ್ಲಿರಬೇಕಾದದ್ದು ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಸೋಡಿಯಂ ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಒಟ್ಟು 20.5 ಗ್ರಾಂ. ಇದನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ನನಗೀಗ ಕನ್ನಡಕವಿದ್ದರೂ ಕಾಣುವುದಿಲ್ಲ, ಮೊಮ್ಮಗಳ ಕೈಲಿ ಓದಿಸುತ್ತೇನೆ.